ಮಿಲ್ವಾಕಿಗೆ ವೀಕೆಂಡ್ ಹೋಗ್ತಿದ್ದೇವೆ. ಅಪ್ಪ-ಅಮ್ಮ ಸಸ್ಯಾಹಾರಿ, ನಾವಿಬ್ಬರು ಎಲ್ಲ ತಿಂತೀವಿ. ಊಟಕ್ಕೆ ಎಲ್ಲಿಗೆ ಹೋಗೋದು?

ಪ್ರಶ್ನೆ ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಒದ್ದಾಡಿದ್ದೆ. ನಮ್ಮ ಮನೆ ಇರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಪಕ್ಕದ ಬ್ರೂಕ್‌ಫೀಲ್ಡ್‌ನಲ್ಲಿ, ಊರು ದಾವಣಗೆರೆ. ಅಪ್ಪ-ಅಮ್ಮ ಮೂರು ತಿಂಗಳಿಗೆ ಬಂದಿದ್ದರು. ಮೊಟ್ಟೆಯನ್ನೂ ಮುಟ್ಟದವರು. ಅವರನ್ನು ಹೋಟೆಲುಗಳಿಗೆ ಸುತ್ತಿಸಿ ನಾನು ಮಾಡಿದ ತಪ್ಪುಗಳೇ ಈ ಉತ್ತರ ಅಂದುಕೊಳ್ಳಿ.

ಮಾರ್ಚ್‌ನಲ್ಲಿ, ಶಿಕಾಗೋದಿಂದ ರೈಲಲ್ಲಿ ಶುಕ್ರವಾರ ಮಧ್ಯಾಹ್ನ ಬಂದು ಭಾನುವಾರ ಸಂಜೆ ವಾಪಸ್ ಅಂದಿದ್ದೀರಿ. ಶುಕ್ರವಾರ ಸಿಕ್ಕಿದ್ದು ನಿಮ್ಮ ಪುಣ್ಯ. ಈ ಊರಲ್ಲಿ ಶುಕ್ರವಾರ ರಾತ್ರಿ ಅಂದರೆ ಫಿಶ್ ಫ್ರೈ. ಕಾಡ್, ಪರ್ಚ್ ಅಥವಾ ವಾಲೈ ಮೀನನ್ನು ಹಿಟ್ಟಲ್ಲಿ ಅದ್ದಿ ಕರಿದು, ಜೊತೆಗೆ ಕೋಲ್‌ಸ್ಲಾ, ರೈ ಬ್ರೆಡ್, ಆಲೂಗಡ್ಡೆ ಪ್ಯಾನ್‌ಕೇಕ್, ಅದರ ಮೇಲೆ ಹಾಕಿಕೊಳ್ಳೋಕೆ ಸೇಬಿನ ಸಾಸ್ ಕೊಡುತ್ತಾರೆ. ಇಲ್ಲಿಗೆ ಬಂದು ನೆಲೆಸಿದ ಜರ್ಮನ್, ಪೋಲಿಷ್ ಕ್ಯಾಥೊಲಿಕರು ಶುಕ್ರವಾರ ಮಾಂಸ ತಿನ್ನುತ್ತಿರಲಿಲ್ಲ, ಮೀನು ತಿನ್ನಬಹುದಿತ್ತು. 1920ರಿಂದ 1933ರವರೆಗೆ ಮದ್ಯ ನಿಷೇಧ ಇದ್ದಾಗ ಬಾರ್‌ಗಳವರೂ ಹೊಟ್ಟೆಪಾಡಿಗೆ ಮೀನು ಕರಿಯೋಕೆ ನಿಂತರು. 1966ರಲ್ಲಿ ಅಮೆರಿಕದ ಬಿಷಪ್‌ಗಳು ಆ ನಿಯಮ ಸಡಿಲ ಮಾಡಿದರು, ಆದರೆ ರೂಢಿ ಹೋಗಲಿಲ್ಲ. ನಮ್ಮಲ್ಲಿ ಏಕಾದಶಿ ಉಪವಾಸ ಅಂತ ಹೇಳಿ ಉಪ್ಪಿಟ್ಟು, ಅವಲಕ್ಕಿ, ಸಜ್ಜಿಗೆ ಎಲ್ಲ ಮಾಡಿಕೊಂಡು ದಿನಾ ತಿನ್ನೋದಕ್ಕಿಂತ ಜಾಸ್ತಿ ತಿಂತೀವಲ್ಲ, ಇದೂ ಅದೇ ಜಾತಿಯ ಉಪವಾಸ.

ಮಾರ್ಚ್ ಅಂದರೆ ಲೆಂಟ್, ಅಂದರೆ ಕ್ರೈಸ್ತರ ವ್ರತ, ನಡೆಯೋ ಕಾಲ. ಈಸ್ಟರ್‌ಗೆ ಮುಂಚಿನ ಈ ಶುಕ್ರವಾರಗಳಲ್ಲಿ ಮಾತ್ರ ಮಾಂಸ ಬಿಡೋ ನಿಯಮ ಇನ್ನೂ ಇದೆ, ಹಾಗಾಗಿ ಜನ ಮಾಮೂಲಿಗಿಂತ ಜಾಸ್ತಿ. ಐದು ಗಂಟೆಗೇ ಹೋಗಿ. ನಮ್ಮಪ್ಪ "ಐದಕ್ಕೆ ಯಾರಾದ್ರೂ ರಾತ್ರಿ ಊಟ ಮಾಡ್ತಾರೇನೋ, ಅದು ಕಾಫಿ ಹೊತ್ತು" ಅಂತ ಗೊಣಗಿದ್ದರು. ಅಲ್ಲಿಗೆ ಹೋಗಿ ನೋಡಿದರೆ ಬಾಗಿಲಾಚೆ ತನಕ ಸಾಲು. ಎಷ್ಟೋ ಕಡೆ ಟೇಬಲ್ ಬುಕ್ ಮಾಡೋ ಪದ್ಧತಿ ಇಲ್ಲ. ಹೆಸರು ಬರೆಸಿ ಬಾರ್‌ನಲ್ಲಿ ನಿಂತು ಕಾಯಬೇಕು. ಕಾಯುವಾಗ ಇಲ್ಲಿಯವರು ಕುಡಿಯೋದು ಬ್ರಾಂದಿ ಹಾಕಿದ ಓಲ್ಡ್ ಫ್ಯಾಷನ್ಡ್ ಅನ್ನೋ ಕಾಕ್‌ಟೇಲ್. ಬೇರೆ ರಾಜ್ಯಗಳಲ್ಲಿ ಅದನ್ನು ವಿಸ್ಕಿಯಲ್ಲಿ ಮಾಡುತ್ತಾರೆ, ವಿಸ್ಕಾನ್ಸಿನ್‌ನಲ್ಲಿ ಬ್ರಾಂದಿ. "ಸ್ವೀಟಾ, ಸವರ್ರಾ, ಪ್ರೆಸ್ಸಾ?" ಅಂತ ಕೇಳಿದರೆ ಗಾಬರಿ ಬೇಡ. ಪ್ರೆಸ್ ಅಂದರೆ ಅರ್ಧ ಸೋಡಾ, ಅರ್ಧ ಸ್ಪ್ರೈಟ್.

ಕುಟುಂಬ ಸಮೇತ ಹೋಗೋಕೆ ಲೇಕ್‌ಫ್ರಂಟ್ ಬ್ರೂವರಿ ಚೆನ್ನಾಗಿದೆ. ನದಿ ಪಕ್ಕ ದೊಡ್ಡ ಹಾಲ್, ಉದ್ದ ಮೇಜುಗಳು, ಶುಕ್ರವಾರ ಪೋಲ್ಕಾ ವಾದ್ಯದವರು ಬೇರೆ. ಬಿಯರ್ ಕಾರ್ಖಾನೆ ಅಂತ ಅಪ್ಪ-ಅಮ್ಮನಿಗೆ ಮುಜುಗರ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಎದುರು ಮೇಜಲ್ಲಿ ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು.

ಈಗ ಅಪ್ಪ-ಅಮ್ಮನ ಊಟದ ಮಾತು. ಮೆನುವಿನಲ್ಲಿ ಚೀಸ್ ಕರ್ಡ್ಸ್ ಅಂತ ಇರುತ್ತದೆ. ನಮ್ಮಪ್ಪ ಮೊಸರು ಅಂದುಕೊಂಡು ಖುಷಿಯಾಗಿಬಿಟ್ಟಿದ್ದರು, ಬ್ಯಾಗಲ್ಲಿ ಉಪ್ಪಿನಕಾಯಿ ಬಾಟ್ಲಿ ಇತ್ತು. ಮೊಸರಲ್ಲ ಅದು. ಚೀಸ್ ಅಚ್ಚಿಗೆ ಹೋಗೋ ಮುಂಚಿನ ಸಣ್ಣ ತುಂಡುಗಳು. ಹೋಟೆಲಲ್ಲಿ ಅದನ್ನು ಹಿಟ್ಟಲ್ಲಿ ಅದ್ದಿ ಬೋಂಡಾ ತರ ಕರಿದು ಕೊಡುತ್ತಾರೆ. ಒಂದು ಬಾರ್‌ನಲ್ಲಿ ಬಿಸಿಬಿಸಿ ಬುಟ್ಟಿ ಬಂತು. ಅಮ್ಮ ಒಂದು ತೆಗೆದು ಬಾಯಿಗೆ ಇಡೋ ಮುಂಚೆ ಮೂಗಿನ ಹತ್ತಿರ ಹಿಡಿದರು. "ಮೀನಿನ ವಾಸನೆ ಹೊಡೀತಿದೆ ಕಣೋ." ಬಡಿಸೋ ಹುಡುಗಿಯನ್ನು ಕರೆದು ಕೇಳಿದೆ. ಒಂದೇ ಎಣ್ಣೆ. ಶುಕ್ರವಾರ ಆದ್ದರಿಂದ ಬೆಳಿಗ್ಗೆಯಿಂದ ಅದರಲ್ಲೇ ಮೀನು ಕರಿದಿದ್ದಾರೆ. ಅವತ್ತು ಅಮ್ಮ ರೈ ಬ್ರೆಡ್‌ಗೆ ಸೇಬಿನ ಸಾಸ್ ಹಚ್ಚಿಕೊಂಡು ತಿಂದರು, ಅಪ್ಪ ಉಪ್ಪಿನಕಾಯಿ ಹಚ್ಚಿಕೊಂಡರು.

ಅದಕ್ಕೇ ಹೇಳ್ತೀನಿ, "ವೆಜಿಟೇರಿಯನ್" ಅಂದರೆ ಸಾಲದು. ಇಲ್ಲಿನ ಹೋಟೆಲಿನವರ ಲೆಕ್ಕದಲ್ಲಿ ತಟ್ಟೆಯಲ್ಲಿ ಮಾಂಸದ ತುಂಡು ಇಲ್ಲ ಅಂದರೆ ಅದು ವೆಜಿಟೇರಿಯನ್. ಕರಿದ ತಿಂಡಿಯಾದರೆ ಮೀನು, ಕೋಳಿ ಕರಿಯೋ ಎಣ್ಣೆಯೇನಾ ಅಂತ ಕೇಳಿ. ಸೂಪ್ ಆದರೆ ಯಾವ ಸ್ಟಾಕ್ ಅಂತ ಕೇಳಿ. ಈರುಳ್ಳಿ ಸೂಪ್ ಅಂತ ಹೆಸರಿರುತ್ತದೆ, ಒಳಗಿರೋದು ಸಾಮಾನ್ಯವಾಗಿ ದನದ ಎಲುಬಿನ ರಸ. ಮೊಟ್ಟೆ ಇದೆಯಾ ಅಂತ ಬೇರೆಯಾಗಿ ಕೇಳಿ, ಆಲೂಗಡ್ಡೆ ಪ್ಯಾನ್‌ಕೇಕ್‌ನಲ್ಲೂ ಹಾಕಿರುತ್ತಾರೆ. ಚೀಸ್ ಮಾಡುವಾಗ ಹಾಲು ಒಡೆಯೋಕೆ ಹಾಕೋ ರೆನೆಟ್ ಕರುವಿನ ಹೊಟ್ಟೆಯದೂ ಇರಬಹುದು. ಅಷ್ಟು ನೋಡೋರಾದರೆ ಅದನ್ನೂ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಒಳಗೆ ಹೋಗಿ ಅಡುಗೆಯವರನ್ನೇ ವಿಚಾರಿಸಿಕೊಂಡು ಬರುತ್ತಾರೆ.

ಮೊಟ್ಟೆ ಅಂದಾಗ ನೆನಪಾಯಿತು. ಕಸ್ಟರ್ಡ್. ಮಿಲ್ವಾಕಿಗೆ ಬಂದವರು ಐಸ್‌ಕ್ರೀಮ್ ತರದ ಫ್ರೋಜನ್ ಕಸ್ಟರ್ಡ್ ತಿನ್ನದೆ ಹೋಗಬಾರದು. ಹಳೆ ಅಂಗಡಿಗಳಲ್ಲಿ ಗಿಲ್ಲಿಸ್ 1938ರದು, ಲಿಯಾನ್ಸ್ 1942, ಕಾಪ್ಸ್ 1950. ಕಾಪ್ಸ್‌ನಲ್ಲಿ ದಿನಾ ಬೇರೆ ಬೇರೆ ವಿಶೇಷ ಫ್ಲೇವರ್, ಲಿಯಾನ್ಸ್‌ನಲ್ಲಿ ನಿಯಾನ್ ದೀಪದ ಕೆಳಗೆ ಚಳಿಯಲ್ಲೇ ನಿಂತು ತಿನ್ನಬೇಕು. ನನ್ನ ಓಟು ಲಿಯಾನ್ಸ್‌ನ ಬಟರ್ ಪೀಕನ್‌ಗೆ.

ಆದರೆ ನಮ್ಮ ಮನೆಗಳಲ್ಲಿ ಕಸ್ಟರ್ಡ್ ಅಂದರೆ ಡಬ್ಬಿ ಪೌಡರ್, ಹಾಲು, ಹೆಚ್ಚಿದ ಬಾಳೆಹಣ್ಣು, ದಾಳಿಂಬೆ. ಆ ಪೌಡರ್ ಬರೀ ಕಾರ್ನ್‌ಫ್ಲೋರ್, ಬಣ್ಣ, ವೆನಿಲ್ಲಾ. ಮೊಟ್ಟೆ ಅನ್ನೋ ಯೋಚನೆಯೇ ಬರಲ್ಲ. ನನಗೂ ಬರಲಿಲ್ಲ. ಒಂದು ಅಂಗಡಿಯಲ್ಲಿ ಅಮ್ಮನಿಗೆ ಎರಡು ಸ್ಕೂಪ್ ಕೊಡಿಸಿದೆ. ಅವರು ಚಮಚ ನೆಕ್ಕಿ ನೆಕ್ಕಿ ತಿನ್ನುತ್ತಿದ್ದಾಗ ಮಗಳು ಮೊಬೈಲ್ ನೋಡಿ ಹೇಳಿದಳು: ಇಲ್ಲಿನ ಕಾನೂನು ಪ್ರಕಾರ ಕಸ್ಟರ್ಡ್ ಅಂತ ಹೆಸರು ಹಾಕಬೇಕಾದರೆ ಕನಿಷ್ಠ 1.4% ಮೊಟ್ಟೆಯ ಹಳದಿಯ ಘನಾಂಶ ಇರಲೇಬೇಕು. ಅಮ್ಮನ ಚಮಚ ಅಲ್ಲೇ ನಿಂತಿತು. ಕಪ್ಪನ್ನು ಸುಮ್ನೆ ನನ್ನ ಕೈಗೆ ಕೊಟ್ಟು, ಬಾಟ್ಲಿ ನೀರಲ್ಲಿ ಬಾಯಿ ಮುಕ್ಕಳಿಸಿ, ಕಾರಲ್ಲಿ ಕೂತರು. ಅರ್ಧ ದಾರಿ ತನಕ ಮಾತಿಲ್ಲ. ಆಮೇಲೆ ಅಂದರು, "ಐಸ್‌ಕ್ರೀಮ್‌ಗಿಂತ ಚೆನ್ನಾಗಿತ್ತು. ಅದೇ ಬೇಜಾರು." ನೀವಿಬ್ಬರು ಕಸ್ಟರ್ಡ್ ತಿನ್ನಿ, ದೊಡ್ಡವರಿಗೆ ಬೇರೆ ಏನಾದರೂ ಕೊಡಿಸಿ.

ಶನಿವಾರ ಮಧ್ಯಾಹ್ನಕ್ಕೆ ಮಿಲ್ವಾಕಿ ಪಬ್ಲಿಕ್ ಮಾರ್ಕೆಟ್. ಒಂದೇ ಸೂರಿನಡಿ ಹತ್ತಾರು ಅಂಗಡಿ. ನೀವು ಸೇಂಟ್ ಪಾಲ್ ಫಿಶ್ ಕಂಪನಿಯ ಲಾಬ್‌ಸ್ಟರ್ ರೋಲ್ ತೆಗೆದುಕೊಳ್ಳಿ, ಅವರು ಬೇರೆ ಅಂಗಡಿಯಲ್ಲಿ ನೋಡಿ ಕೇಳಿ ತೆಗೆದುಕೊಳ್ಳಲಿ, ಎಲ್ಲರೂ ಮಹಡಿಯಲ್ಲಿ ಒಟ್ಟಿಗೆ ಕೂತು ತಿನ್ನಬಹುದು. ರೈಲ್ವೆ ಸ್ಟೇಷನ್‌ನಿಂದ ಹಾಪ್ ಅನ್ನೋ ಟ್ರಾಮ್ ಇದೆ, ಟಿಕೆಟ್ ಬೇಕಿಲ್ಲ, ಪುಕ್ಕಟೆ. ಗ್ಲೆಂಡೇಲ್‌ನಲ್ಲಿ 1936ರ ಸಾಲೀಸ್ ಗ್ರಿಲ್ ಇದೆ, ಬೆಣ್ಣೆ ಬರ್ಗರ್‌ಗೆ ಹೆಸರುವಾಸಿ. ಬನ್ನಿಗೆ ಮೆತ್ತೋ ಬೆಣ್ಣೆ ನೋಡಿದರೆ ದಾವಣಗೆರೆಯವನಾದ ನನಗೇ ಜಾಸ್ತಿ ಆಯ್ತು ಅನ್ನಿಸುತ್ತೆ. ದನದ ಮಾಂಸ ನಾನು ತಿನ್ನಲ್ಲ, ಹಾಗಾಗಿ ರುಚಿ ಬಗ್ಗೆ ಸ್ನೇಹಿತರ ಮಾತನ್ನೇ ನಂಬಬೇಕು.

ಶನಿವಾರ ರಾತ್ರಿ ಇಂಡಿಯನ್ ಹೋಟೆಲ್ ಹುಡುಕಬೇಡಿ, ಇಥಿಯೋಪಿಯನ್ ಊಟಕ್ಕೆ ಹೋಗಿ. ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಇಂಜೆರಾ ಅಂದರೆ ರಾಗಿಗಿಂತಲೂ ಸಣ್ಣ ಕಾಳಾದ ಟೆಫ್‌ನ ಹಿಟ್ಟನ್ನು ಹುಳಿ ಬರಿಸಿ ಹುಯ್ದ ದೊಡ್ಡ ದೋಸೆ. ಮೇಲೆ ಕೆಂಪು ಬೇಳೆ ಗೊಜ್ಜು, ಹಳದಿ ಬಟಾಣಿ ಬೇಳೆ, ಸೊಪ್ಪಿನ ಪಲ್ಯ, ಕೋಸಿನ ಪಲ್ಯ. ಕೈಯಲ್ಲೇ ತಿನ್ನಬೇಕು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರೂ ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ, ಅವತ್ತು ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಹಾಗಾಗಿ ಉಪವಾಸದ ಅಡುಗೆ ಅಂತಲೇ ಕೇಳಿ. ಒಂದೇ ತೊಡಕು, ನಾಲ್ಕು ಜನಕ್ಕೂ ಸೇರಿ ಒಂದೇ ದೊಡ್ಡ ತಟ್ಟೆ ಬರುತ್ತದೆ. ಅಮ್ಮ "ಎಂಜಲಲ್ವಾ?" ಅಂದರು. ಬೇರೆ ತಟ್ಟೆ ಕೇಳಿದೆ, ಕೊಟ್ಟರು. ಮೊದಲ ತುತ್ತಿಗೆ ಅಪ್ಪ, "ಇದಕ್ಕೆ ಶೇಂಗಾ ಚಟ್ನಿ ಇದ್ದಿದ್ರೆ" ಅಂದರು. ಇನ್ನೊಂದು ಇಂಜೆರಾ ಹಾಕಿಸಿಕೊಂಡರು.

ದುಡ್ಡಿನ ವಿಷಯ ಚಿಕ್ಕದಾಗಿ. ಮೆನುವಿನ ಬೆಲೆಯ ಮೇಲೆ ತೆರಿಗೆ 8%ಗಿಂತ ಸ್ವಲ್ಪ ಜಾಸ್ತಿ, ಟಿಪ್ಸ್ 18ರಿಂದ 20%. ಬಿಲ್‌ನಲ್ಲಿ ಟಿಪ್ಸ್ ಮೊದಲೇ ಸೇರಿಸಿದ್ದಾರಾ ನೋಡಿ. ಒಂಬತ್ತಕ್ಕೆ ಎಷ್ಟೋ ಕಡೆ ಅಡುಗೆಮನೆ ಮುಚ್ಚುತ್ತದೆ, ನಮ್ಮ ಟೈಮಿಗೆ ಹೋದರೆ ಬರೀ ಬಿಯರ್ ಸಿಗೋದು.

ಭಾನುವಾರ ಬೆಳಿಗ್ಗೆ ಕಾರ್ ಸಿಕ್ಕರೆ ಪೀವಾಕಿಯ ಹಿಂದೂ ದೇವಸ್ಥಾನಕ್ಕೆ ಹೋಗಿಬನ್ನಿ, ಅದೇ ಆವರಣದಲ್ಲಿ ಜೈನ ಮಂದಿರವೂ ಇದೆ. ಸಂಜೆ ರೈಲು ಹತ್ತೋ ಮುಂಚೆ ಅವತ್ತೇ ಮಾಡಿದ, ಕರಿಯದ ಚೀಸ್ ಕರ್ಡ್ಸ್ ಒಂದು ಪೊಟ್ಟಣ ಹುಡುಕಿ ತಗೊಳ್ಳಿ. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಿ ಕೀಚ್ ಕೀಚ್ ಅನ್ನುತ್ತದೆ, ಒದ್ದೆ ಚಪ್ಪಲಿ ಹಾಕಿಕೊಂಡು ಗ್ರಾನೈಟ್ ಮೇಲೆ ನಡೆದ ಹಾಗೆ. ಶಿಕಾಗೋ ಒಂದೂವರೆ ಗಂಟೆ ದಾರಿ, ಅಷ್ಟರೊಳಗೆ ಖಾಲಿ ಮಾಡಿ. ಫ್ರಿಜ್‌ಗೆ ಹೋದರೆ ಸದ್ದು ನಿಲ್ಲುತ್ತದೆ. ಉಳಿದರೆ ಮೈಕ್ರೋವೇವ್‌ನಲ್ಲಿ ಕೆಲವೇ ಸೆಕೆಂಡ್ ಇಟ್ಟು ನೋಡಿ, ಸ್ವಲ್ಪ ವಾಪಸ್ ಬರುತ್ತದೆ.