ಬೆಳ್ಮಣ್ಣು ಪದವಿನ ನೇರಳೆ ಹೂ ಟಿಬೂಚಿನ ಅಲ್ಲ, ನೆಕ್ಕರಿಕ

ಇದು ಯಾವ ಗಿಡ, ಮನೆಯಲ್ಲಿ ನೆಡಬಹುದಾ ಅಂತ ಕೇಳಿ ನೀವು ಹಾಕಿದ ಫೋಟೋ ನೋಡಿದೆ. ಉಡುಪಿ ಜಿಲ್ಲೆಯ ಬೆಳ್ಮಣ್ಣು ಹತ್ತಿರದ ಮುರಕಲ್ಲು ಪದವಿನಲ್ಲಿ, ಅಂದರೆ ಗುಡ್ಡೆ ಮೇಲಿನ ಬಯಲಿನಲ್ಲಿ, ನಿಮಗೆ ಸಿಕ್ಕಿದ ಆ ನೇರಳೆ ಹೂವಿನ ಪೊದೆ ನೆಕ್ಕರಿಕ ಮಾರಾಯ್ರೆ. ಸಸ್ಯಶಾಸ್ತ್ರದವರಿಗೆ ಮೆಲಾಸ್ಟೋಮ ಮಲಬಾತ್ರಿಕಮ್. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಇದು ಟಿಬೂಚಿನ, ನರ್ಸರಿಯಿಂದ ಗುಡ್ಡೆಗೆ ಹಬ್ಬಿದ ಹೊರಗಿನ ಗಿಡ, ಕಿತ್ತು ಬಿಸಾಡಿ ಅಂದಿದ್ದಾರೆ. ದಯವಿಟ್ಟು ಕೀಳಬೇಡಿ. ಟಿಬೂಚಿನ ಬ್ರೆಜಿಲಿನದ್ದು, ಇದು ನಮ್ಮ ಗುಡ್ಡೆಯದ್ದೇ. ಎರಡೂ ಒಂದೇ ಕುಟುಂಬ, ಹಾಗಾಗಿ ಬರೀ ಬಣ್ಣ ನೋಡಿದರೆ ಯಾರಿಗೂ ಗೊಂದಲ ಆಗುತ್ತದೆ.

ಎಲೆಯೂ ಜಾಸ್ತಿ ಸಹಾಯ ಮಾಡುವುದಿಲ್ಲ. ಬುಡದಿಂದ ತುದಿವರೆಗೆ ಉದ್ದಕ್ಕೆ ಓಡುವ ನರಗಳು ಎರಡರಲ್ಲೂ ಇವೆ. ಬೆರಳಲ್ಲಿ ಉಜ್ಜಿದರೆ ನೆಕ್ಕರಿಕದ ಎಲೆ ದೊರಗು, ಟಿಬೂಚಿನದ್ದು ಮೆತ್ತಗೆ, ಅಷ್ಟೇ. ಖಾತ್ರಿ ಆಗಬೇಕಾದರೆ ಹೂವಿನ ನಡುವೆ ನೋಡಿ. ನೆಕ್ಕರಿಕದಲ್ಲಿ ಸಾಮಾನ್ಯವಾಗಿ ಐದು ಎಸಳು, ಹತ್ತು ಕೇಸರ (ಪರಾಗ ಇರುವ ದಂಟು). ಅದರಲ್ಲಿ ಐದು ಗಿಡ್ಡ, ಹಳದಿ. ಇನ್ನೈದು ಉದ್ದ, ನೇರಳೆ, ಕತ್ತಿಯ ಹಾಗೆ ಬಾಗಿದ್ದು. ಟಿಬೂಚಿನದಲ್ಲಿ ಈ ಹಳದಿ ಕೇಸರ ಇಲ್ಲವೇ ಇಲ್ಲ. ಇದೇನು ಸುಮ್ನೆ ಅಲಂಕಾರವೂ ಅಲ್ಲ. ಈ ಹೂವಿನಲ್ಲಿ ಮಕರಂದ ಇಲ್ಲ, ದುಂಬಿ ಬರುವುದು ಪರಾಗ ತಿನ್ನಲಿಕ್ಕೆ, ಹಳದಿಯದ್ದು ಅದರ ಊಟ, ಅದು ಅಲ್ಲಿ ಮೈ ನಡುಗಿಸಿ ಝೇಂಕರಿಸುವಾಗ ಉದ್ದ ಕೇಸರದ ತುದಿಯ ತೂತಿನಿಂದ ಪರಾಗ ಚಿಮ್ಮಿ ಅದರ ಮೈಗೆ ಅಂಟುತ್ತದೆ, ಮುಂದಿನ ಹೂವಿಗೆ ಹೋಗುವುದು ಆ ಪುಡಿ. ಬೆಳಿಗ್ಗೆ ದೊಡ್ಡ ಕಪ್ಪು ದುಂಬಿ ಬಂದಾಗ ಹತ್ತಿರ ನಿಂತು ಕೇಳಿ, ಸದ್ದು ಬದಲಾಗುವುದು ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಇಂಥ ಪದವಿನಲ್ಲೇ ಇದೇ ಕುಟುಂಬದ ಓಸ್ಬೆಕಿಯ ಅನ್ನುವ ಗಿಡ್ಡ ಗಿಡವೂ ಹೂ ಬಿಡುತ್ತದೆ, ಅದಕ್ಕೆ ಸಾಮಾನ್ಯವಾಗಿ ನಾಲ್ಕೇ ಎಸಳು, ಕೇಸರ ಎಲ್ಲ ಒಂದೇ ಅಳತೆ. ನಿಮ್ಮದು ಆಳೆತ್ತರದ ಪೊದೆ, ಹಾಗಾಗಿ ಆ ಪ್ರಶ್ನೆಯೇ ಇಲ್ಲ. ಹಣ್ಣು ಸಿಕ್ಕಿದರೆ ಇನ್ನೂ ಸುಲಭ. ಮಾಗಿದ ಮೇಲೆ ಅಡ್ಡಾದಿಡ್ಡಿ ಒಡೆದು ಒಳಗೆ ಕಡು ನೇರಳೆ ತಿರುಳು ಕಾಣುತ್ತದೆ. ತಿನ್ನಬಹುದು, ನಾಲಿಗೆ ಕಪ್ಪಾಗುತ್ತದೆ.

ಮನೆಯಲ್ಲಿ ನೆಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ, ಆದರೆ ಬುಡ ಅಗೆದು ತರಬೇಡಿ, ಮುರಕಲ್ಲಿನ ಸಂದಿಗೆ ಇಳಿದ ಬೇರು ಪೂರ್ತಿ ಬರುವುದಿಲ್ಲ. ಮಳೆ ಹಿಡಿದ ಮೇಲೆ ಅರೆ ಬಲಿತ ಗೆಲ್ಲು ಕತ್ತರಿಸಿ ನೆಡಿ. ಬಿಸಿಲು ಬೇಕು. ಇದಕ್ಕೆ ಹುಳಿ (ಆಮ್ಲೀಯ) ಮಣ್ಣೇ ಇಷ್ಟ, ಅಂಥ ಮಣ್ಣಿನಲ್ಲಿ ಬೇರೆ ಬೆಳೆಗೆ ವಿಷವಾಗುವ ಅಲ್ಯೂಮಿನಿಯಂ ಅನ್ನು ಇದು ತನ್ನ ಎಲೆಯಲ್ಲಿ ತುಂಬಿಕೊಂಡು ಆರಾಮಾಗಿ ಇರುತ್ತದೆ. ಸುಣ್ಣ ಮಣ್ಣಿನ ಹುಳಿ ತಗ್ಗಿಸುತ್ತದೆ, ಹಾಗಾಗಿ ಅಡಿಕೆ ಬುಡಕ್ಕೆ ಸುಣ್ಣ ಕೊಡುವಾಗ ಇದರ ಬುಡ ಬಿಟ್ಟುಬಿಡಿ.