ಲಾರಿ ಹಿಂದಿನ ಮರಾಠಿ, ಬರಬೇಕಾದ ಬಾಕಿ

ಹೋದ ವಾರ ನಿನಗೆ ನನ್ನ ಲಾರಿ ಫೋಟೊ ಕಳಿಸಿದ್ದೆ. ಹೊಸ ಬಣ್ಣ ಹೊಡೆಸಿದ್ದೆ, ಅದರ ಖುಷಿ. ನೀನು ಬಣ್ಣ ನೋಡಲಿಲ್ಲ, ನಾಲ್ಕು ಹೊಸ ಟೈರ್ ನೋಡಲಿಲ್ಲ. ಹಿಂದಿನ ಹಲಗೆ ಮೇಲಿನ ಅಕ್ಷರ ದೊಡ್ಡದು ಮಾಡಿ ನೋಡಿ ಕೇಳಿದೆ: ‘ನಂಬರ್ ಕೆಎ 56, ಬರೆಸಿರೋದು ಮರಾಠಿ. ನಿಮ್ಮ ಕಡೆ ಕನ್ನಡ ನಡೆಯುತ್ತಾ ಇಲ್ವಾ? ಅದಿರಲಿ, ತಿಂಗಳ ಸಂಬಳ ಬಿಟ್ಟು ಈ ಲಾರಿ ಯಾಕೆ ಮೈಮೇಲೆ ಎಳ್ಕೊಂಡೆ?’

ಬಂಗ್ಲಾದಲ್ಲಿ ಲೋಡಿಗೆ ಕಾಯುತ್ತಾ ಕೂತಿದ್ದೇನೆ. ಟೈಮ್ ಬೇಕಾದಷ್ಟಿದೆ. ಕೇಳು.

ಬಂಗ್ಲಾ ಅಂದರೆ ಸಸ್ತಾಪುರ ಬಂಗ್ಲಾ. ಬಸವಕಲ್ಯಾಣದಿಂದ ಹೊರಟು ಹೆದ್ದಾರಿ ಸೇರುವ ಜಾಗ. ಪುಣೆಯಿಂದ ಮಚಲಿಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲೇ ಹಾಯುತ್ತದೆ. ಹಳೇ ಡ್ರೈವರುಗಳ ಬಾಯಲ್ಲಿ ಅದು ಇನ್ನೂ ನಂಬರ್ ಒಂಬತ್ತೇ. ಅಷ್ಟು ಉದ್ದದ ರಸ್ತೆ ಕರ್ನಾಟಕದೊಳಗೆ ಇರುವುದು ನೂರು ಕಿಲೋಮೀಟರಿಗೂ ಕಡಿಮೆ. ಒಂದು ಕಡೆ ಹೋದರೆ ಮಹಾರಾಷ್ಟ್ರದ ಉಮರ್ಗಾ, ಸೊಲ್ಲಾಪುರ. ಇನ್ನೊಂದು ಕಡೆ ಹುಮನಾಬಾದ್, ಅದು ದಾಟಿದರೆ ತೆಲಂಗಾಣದ ಜಹೀರಾಬಾದ್, ಹೈದರಾಬಾದ್. ನಿನ್ನ ಬೆಂಗಳೂರು 650 ಕಿಲೋಮೀಟರ್ ಆಚೆ. ಹೈದರಾಬಾದ್ 200ರ ಒಳಗೆ. ಲಾರಿ ಯಾವ ಕಡೆ ಜಾಸ್ತಿ ಓಡುತ್ತದೆ, ನೀನೇ ಹೇಳು.

ಇನ್ನು ಕನ್ನಡ ನಡೆಯುತ್ತಾ ಅನ್ನೋ ಪ್ರಶ್ನೆ. ಕಲ್ಯಾಣದವನನ್ನು ಹಿಡಿದು ಇದನ್ನು ಕೇಳೋಕೆ ಧೈರ್ಯ ಬೇಕು ದೋಸ್ತ. ಶರಣರು ಅನುಭವ ಮಂಟಪದಲ್ಲಿ ಕೂತು ಕನ್ನಡದಲ್ಲಿ ಮಾತಾಡಿದ ಊರಿದು. ಸಿಟ್ಟಿಲ್ಲ, ಅಭ್ಯಾಸ ಆಗಿದೆ. ಯಾದಗಿರಿ ದಾಟಿ ಕೆಳಗೆ ಬಂದರೆ ಎಲ್ಲರೂ ಇದನ್ನೇ ಕೇಳುತ್ತಾರೆ.

ಆ ಮರಾಠಿಯಲ್ಲಿ ಬರೆದಿರೋದು ‘ಆಯೀಚಾ ಆಶೀರ್ವಾದ’ ಅಂತ. ಅವ್ವನ ಆಶೀರ್ವಾದ. ನಮ್ಮವ್ವ ಉಮರ್ಗಾ ಕಡೆಯವಳು, ಇಲ್ಲಿಂದ ಒಂದು ತಾಸಿನ ದಾರಿ. ಲಾರಿಗೆ ಮುಂಗಡ ಕಟ್ಟುವಾಗ ಅವಳ ಬೋರಮಾಳ ಸರ ಅಡವಿಟ್ಟಿದ್ದೇನೆ, ಇನ್ನೂ ಬಿಡಿಸಿಲ್ಲ. ಅವಳು ಓದಿದ್ದು ಮರಾಠಿ ನಾಲ್ಕನೇ ಇಯತ್ತೆ. ಕನ್ನಡ ಲೀಲಾಜಾಲವಾಗಿ ಮಾತಾಡುತ್ತಾಳೆ, ಅಕ್ಷರ ಮಾತ್ರ ಬರುವುದಿಲ್ಲ. ಅವಳು ಓದಲಿ ಅಂತಲೇ ಬರೆಸಿದ್ದು. ಪೇಂಟ್ ಒಣಗುವ ಮೊದಲೇ ಲಾರಿ ಹಿಂದೆ ಹೋಗಿ ನಿಂತು ಒಂದೊಂದೇ ಅಕ್ಷರ ಓದಿದಳು. ಓದಿ ಮುಗಿಸಿ, ‘ಪೇಂಟರ್ ರೇಫ ಬಿಟ್ಟಾನ’ ಅಂದಳು. ಕಣ್ಣೀರು ಹಾಕಬಹುದು ಅಂದುಕೊಂಡಿದ್ದೆ, ತಪ್ಪು ಹುಡುಕಿದಳು. ರೇಫ ಅಂದರೆ ಅಕ್ಷರದ ಮೇಲಿನ ‘ರ್’ ಗುರುತು. ಅದನ್ನು ಹಾಕಿಸಲು ಮತ್ತೆ ನೂರು ರೂಪಾಯಿ. ಲಾರಿಯ ಹಣೆ ಮೇಲೆ ‘ಬಸವ ಪ್ರಸನ್ನ’ ಅಂತ ಕನ್ನಡದಲ್ಲೇ ಇದೆ. ಫೋಟೊ ಹಿಂದಿನಿಂದ ತೆಗೆದದ್ದು ನನ್ನ ತಪ್ಪು.

ಇನ್ನೊಂದು ಮಾತು. 1956ರ ನವೆಂಬರ್ 1ರ ಮೊದಲು ಇದೆಲ್ಲ ಹೈದರಾಬಾದ್ ರಾಜ್ಯ. ಉಮರ್ಗಾನೂ ಅದರಲ್ಲೇ, ಕಲ್ಯಾಣನೂ ಅದರಲ್ಲೇ. ಜಹೀರಾಬಾದ್, ಈಗ ಮಹಾರಾಷ್ಟ್ರದಲ್ಲಿರುವ ಉದಗೀರ್, ನಿಲಂಗಾ ಎಲ್ಲ ಬೀದರ್ ಜಿಲ್ಲೆಯವೇ ಆಗಿದ್ದವು. ನಮ್ಮ ಅಪ್ಪನ ಅವ್ವ ನಿಲಂಗಾದಿಂದ ಮದುವೆಯಾಗಿ ಬಂದಾಗ ಯಾವ ಗಡಿಯನ್ನೂ ದಾಟಿರಲಿಲ್ಲ. ಬೀಗರ ಊರಿಗೆ ಬಂದಿದ್ದಳು ಅಷ್ಟೇ. ಆಮೇಲೆ ಗೆರೆ ಎಳೆದರು. ಬೀಗತನ ಹಾಗೇ ಉಳಿಯಿತು, ನಾಕಾ ಬಂದವು.

ಸರಿ, ಲಾರಿ ಯಾಕೆ ತಗೊಂಡೆ. ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿದೆ. ಮೊದಲು ಕ್ಲೀನರ್, ಆಮೇಲೆ ಡ್ರೈವರ್. ಎಲ್ಲ ರಸ್ತೆ ಗೊತ್ತು, ಎಲ್ಲ ಢಾಬಾ ಗೊತ್ತು, ಇನ್ನೇನು ಬೇಕು ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಹತ್ತು ಗಾಲಿ ಗಾಡಿ ಸಿಕ್ಕಿತು. ಪರ್ಮಿಟ್, ಫಿಟ್ನೆಸ್, ಹೊಗೆ ಸರ್ಟಿಫಿಕೇಟ್ ಎಲ್ಲ ಎಲ್ಲರಿಗೂ ಇರುವುದೇ. ನ್ಯಾಷನಲ್ ಪರ್ಮಿಟ್ಟಿಗೆ ವರ್ಷಕ್ಕೆ 16,500, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದಕ್ಕೇ ನಲವತ್ತು ಸಾವಿರದ ಮೇಲೆ. ತಿಂಗಳ ಕಂತು 38,000. ಇದನ್ನೆಲ್ಲ ಲೆಕ್ಕ ಹಾಕಿಯೇ ಇಳಿದಿದ್ದೆ.

ಲೆಕ್ಕ ಹಾಕದೇ ಇದ್ದದ್ದು ಒಂದೇ. ಬಾಕಿ.

ಒಂದು ಟ್ರಿಪ್ ಹೇಳುತ್ತೇನೆ, ಕಲಬುರಗಿಯಿಂದ ಹೈದರಾಬಾದಿಗೆ ತೊಗರಿ ಬೇಳೆ. 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮುದ್ರೆ ಬಿದ್ದ ತೊಗರಿ, ಅದರ ಬೆಲೆ ನೋಡಿದರೆ ಚೀಲ ಮುಟ್ಟಲು ಭಯ. ಗಾಡಿಯ ಸ್ವಂತ ತೂಕ ಸೇರಿಸಿ 28.5 ಟನ್ ದಾಟುವಂತಿಲ್ಲ. ದಾಟಿದರೆ ಕಾನೂನಿನ ಪ್ರಕಾರ ದಂಡ 20,000, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ‘ಇನ್ನೆರಡು ಟನ್ ಹಾಕೋಣ ಬಿಡು’ ಅನ್ನುವ ಮಿಲ್ಲಿನವರು ದಂಡದ ದಿನ ಫೋನ್ ಎತ್ತುವುದಿಲ್ಲ. ಹಾಗಾಗಿ 18 ಟನ್. ಭಾಡಾ, ಅಂದರೆ ಬಾಡಿಗೆ, 18,000 ಅಂದುಕೋ. ಕೈಗೆ ಸಿಗುವ ಅಡ್ವಾನ್ಸ್ 14,400. ಉಳಿದ 3,600 ಬಾಕಿ.

ಈಗ ಖರ್ಚು. ಹೋಗಿ ಬರಲು ನೂರು ಲೀಟರ್ ಡೀಸೆಲ್, 9,100. ಟ್ಯಾಂಕ್ ತುಂಬಿಸುವುದು ಹುಮನಾಬಾದಿನಲ್ಲೇ. 2025ರ ಏಪ್ರಿಲ್‌ನಲ್ಲಿ ನಮ್ಮವರು ಡೀಸೆಲ್ ತೆರಿಗೆ 21.17 ಪರ್ಸೆಂಟಿಗೆ ಏರಿಸಿದರು, ಲಾರಿ ಮಾಲೀಕರು ಮುಷ್ಕರ ಹೂಡಿದರು. ಆದರೂ ತೆಲಂಗಾಣಕ್ಕಿಂತ ಇಲ್ಲೇ ಅಗ್ಗ. ಟೋಲ್ 2,500. ಕ್ಲೀನರ್ ಹುಡುಗನ ಭತ್ಯೆ 600. ದಲಾಲಿ 500. ಹಮಾಲರ ಚಹಾಪಾನಿ, ಗಾಡಿ ತೂಗುವ ಕಾಂಟಾ, ಅದೂ ಇದೂ 700. ಊಟ 500. ಕೂಡಿಸು. 13,900. ಅಡ್ವಾನ್ಸಿನಲ್ಲಿ ಉಳಿಯುವುದು ಐನೂರು ರೂಪಾಯಿ. ನನ್ನ ದುಡಿಮೆ ಏನಿದ್ದರೂ ಆ 3,600ರಲ್ಲಿ ಕೂತಿದೆ. ಅಡ್ವಾನ್ಸು ಲಾರಿಯದು, ಬಾಕಿ ನನ್ನದು. ವಾಪಸ್ ಬರುವಾಗ ಲೋಡ್ ಸಿಕ್ಕರೆ ಸ್ವಲ್ಪ ಉಸಿರಾಡಬಹುದು, ಸಿಗದಿದ್ದರೆ ಇಷ್ಟೇ.

ಆ ಬಾಕಿ ಕೊಡಬೇಕಾದರೆ ಪೋಚ್ ಬೇಕು. ಮಾಲು ಮುಟ್ಟಿತು ಅಂತ ಗೋದಾಮಿನವರು ಸಹಿ ಮಾಡಿ ಸಿಕ್ಕಾ ಒತ್ತಿ ಕೊಡುವ ಬಿಲ್ಟಿಯ, ಅಂದರೆ ಲೋಡಿನ ರಸೀದಿಯ, ಪ್ರತಿಗೆ ನಾವು ಪೋಚ್ ಅನ್ನುತ್ತೇವೆ. ಸೇಠ್ ಹತ್ತಿರ ಡ್ರೈವರ್ ಆಗಿದ್ದಾಗ ಊರಿಗೆ ಬಂದು ಪೋಚ್ ಅವರ ಟೇಬಲ್ ಮೇಲೆ ಒಗೆದು, ಮನೆಗೆ ಹೋಗಿ ಮಲಗುತ್ತಿದ್ದೆ. ಆ ಚೀಟಿಗೆ ಆಮೇಲೆ ಏನಾಗುತ್ತದೆ ಅಂತ ಹನ್ನೊಂದು ವರ್ಷ ಯೋಚನೆಯೇ ಮಾಡಿರಲಿಲ್ಲ. ಈಗ ಅದನ್ನು ಹಳೇ ಲಗ್ನಪತ್ರಿಕೆಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದೇವರ ಫೋಟೊ ಹಿಂದೆ ಸಿಗಿಸಿ ಇಡುತ್ತೇನೆ. ಮಳೆಗಾಲದಲ್ಲಿ ಒಮ್ಮೆ ಸಿಕ್ಕಾದ ಮಸಿ ಹರಡಿ ನೀಲಿ ಕಲೆಯಾಯಿತು. ಕಲೆಗೆ ದುಡ್ಡು ಕೊಡುವುದಿಲ್ಲ ಅಂದರು. ಮತ್ತೆ ಹೈದರಾಬಾದಿಗೆ ಲೋಡ್ ಸಿಗುವವರೆಗೆ ಕಾದು, ಹೊಸ ಸಿಕ್ಕಾ ಹಾಕಿಸಿಕೊಂಡು ಬಂದೆ.

ಮೊಬೈಲ್ ಫೋಟೊ ನಡೆಯುವುದಿಲ್ಲ. ಅಸಲಿ ಪ್ರತಿಯೇ ಬೇಕು. ಹೈದರಾಬಾದಿನಲ್ಲಿ ಖಾಲಿ ಮಾಡಿದ ಮೇಲೆ ಲಾತೂರಿಗೆ ಲೋಡ್ ಸಿಕ್ಕಿತು ಅಂದುಕೋ, ಬಿಡೋಕಾಗುತ್ತಾ? ಪೋಚ್ ನನ್ನ ಜೊತೆ ಲಾತೂರಿಗೆ ಹೋಗುತ್ತದೆ. ಅಲ್ಲಿಂದ ಸೊಲ್ಲಾಪುರ. ಕಲಬುರಗಿಗೆ ಬರುವಷ್ಟರಲ್ಲಿ ಹತ್ತು ಹನ್ನೆರಡು ದಿನ. ತೊಗರಿ ಬೇಳೆ ಯಾರದೋ ಮನೆಯಲ್ಲಿ ಸಾರಾಗಿ ಮುಗಿದಿರುತ್ತದೆ, ಅದರ ಚೀಟಿ ಇನ್ನೂ ಊರೂರು ತಿರುಗುತ್ತಿರುತ್ತದೆ.

ಗಡಿಯ ಗಂಟು ಇರೋದು ಇಲ್ಲಿ. ನನಗೆ ಬಾಯಿಗೆ ನಾಲ್ಕು ಭಾಷೆ. ಮನೆಯಲ್ಲಿ ಕನ್ನಡ, ಅವ್ವನ ತವರಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖನಿ ಉರ್ದು, ಜಹೀರಾಬಾದ್ ದಾಟಿದರೆ ತೆಲುಗು. ಕಣ್ಣಿಗೆ ಮಾತ್ರ ಎರಡೇ ಲಿಪಿ, ಕನ್ನಡ ಮತ್ತು ಹಿಂದಿ ಅಕ್ಷರ. ತೆಲುಗು ಅಚ್ಚಾಗಿದ್ದರೆ ಅರ್ಧ ಓದುತ್ತೇನೆ. ನಮ್ಮ ಅಕ್ಷರದ ತಲೆಕಟ್ಟು ಸೊಂಡಿಲು ಚಾಚಿದ ಹಾಗೆ ಪಕ್ಕಕ್ಕೆ ಹೋಗುತ್ತದೆ, ಅವರದು ಲೆಕ್ಕದ ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ ಮೇಲಕ್ಕೆ ಏಳುತ್ತದೆ. ಅಷ್ಟು ಗೊತ್ತಾದರೆ ಉಳಿದದ್ದು ಊಹಿಸಬಹುದು. ಆದರೆ ಗೋದಾಮಿನ ಗುಮಾಸ್ತ ಚೀಲದ ಮೇಲೆ ಇಟ್ಟುಕೊಂಡು ಗೀಚಿದ ತೆಲುಗನ್ನು ಅವನ ಹೆಂಡತಿಯೂ ಓದಲಾರಳು.

ಒಮ್ಮೆ ಹೀಗಾಯಿತು. ಪೋಚ್ ಮೇಲೆ ಸಹಿ, ಸಿಕ್ಕಾ, ಜೊತೆಗೆ ತೆಲುಗಿನಲ್ಲಿ ಒಂದು ಸಾಲು. ಬುಕಿಂಗ್ ಮಾಡಿದ ಆಫೀಸಿನವರಿಗೆ ಅದು ಓದಲು ಬರಲಿಲ್ಲ. ಸಹಿ ಬಿಟ್ಟು ಏನಾದರೂ ಬರೆದಿದ್ದರೆ ಅದು ತಕರಾರು ಅಂತಲೇ ಅವರ ಲೆಕ್ಕ. ‘ಮಾಲು ಕಮ್ಮಿ ಆಗ್ಯದ’ ಅಂತ 1,200 ಮುರಿದರು. 360 ಚೀಲ ನಾನೇ ಎಣಿಸಿ ಇಳಿಸಿದ್ದೆ. ಜಹೀರಾಬಾದಿನಲ್ಲಿ ನನಗೆ ಗುರುತಿನ ಪಂಕ್ಚರ್ ಅಂಗಡಿಯವನಿದ್ದಾನೆ. ಅವನಿಗೆ ಫೋಟೊ ಕಳಿಸಿ, ಫೋನ್ ಸ್ಪೀಕರಿಗೆ ಹಾಕಿ ಟೇಬಲ್ ಮೇಲಿಟ್ಟೆ. ಅವನು ಗಾಳಿ ಮಷೀನ್ ನಿಲ್ಲಿಸಿ ಶಾಲೆ ಹುಡುಗನ ಹಾಗೆ ಓದಿದ: ‘360 ಬಸ್ತಾಲು ಸರಿಗಾ ಅಂದಾಯಿ.’ ಎಲ್ಲ ಚೀಲ ಸರಿಯಾಗಿ ಮುಟ್ಟಿವೆ ಅಂತ. ಒಬ್ಬ ಒಳ್ಳೇ ಮನುಷ್ಯ ಕಳಕಳಿಯಿಂದ ಒಂದು ಸಾಲು ಜಾಸ್ತಿ ಬರೆದಿದ್ದ, ಅದೇ ನನ್ನ ಕುತ್ತಿಗೆಗೆ ಬಂತು. ‘ಪಂಕ್ಚರ್‌ನವ ನಿಮ್ಮವನೇ ಅಲ್ಲ?’ ಅಂದರು ಆಫೀಸಿನವರು. ಹಗ್ಗಜಗ್ಗಾಟ ಆಗಿ 600 ಮಾತ್ರ ಮುರಿದುಕೊಂಡು ಬಿಟ್ಟರು.

ಆವತ್ತಿನಿಂದ ಗೋದಾಮಿನವರು ಪೆನ್ ಎತ್ತಿದ ತಕ್ಷಣ ಪಕ್ಕದಲ್ಲಿ ನಿಲ್ಲುತ್ತೇನೆ. ತೆಲುಗು ಬೇಡ, ಮರಾಠಿ ಬೇಡ, ಕನ್ನಡವೂ ಬೇಡ. ಸಂಖ್ಯೆ ಹಾಕಿ, ಇಂಗ್ಲಿಷಿನ ಎರಡು ಅಕ್ಷರದಲ್ಲಿ ‘ಓಕೆ’ ಬರೆಯಿರಿ ಸಾಕು. ಮೂರು ರಾಜ್ಯಕ್ಕೂ ತಕರಾರಿಲ್ಲದೆ ಅರ್ಥವಾಗುವುದು ಅದೊಂದೇ. ಕನ್ನಡ ಪ್ರೇಮ ಎಲ್ಲಿ ಹೋಯಿತು ಅಂತ ಕೇಳಬೇಡ, ಕಂತು ಕಟ್ಟುವ ದಿನ ಕೇಳು.

ಇಪ್ಪತ್ತು ಗಾಡಿ ಇರುವವರಿಗೆ ಈ ಕಾಟ ಇಲ್ಲ. ಅವರ ಬಾಕಿ ತಿಂಗಳಿಗೊಮ್ಮೆ ಚೆಕ್ಕಾಗಿ ಬರುತ್ತದೆ, ಇಲ್ಲದಿದ್ದರೆ ನಾಳೆಯಿಂದ ಗಾಡಿ ಕಳಿಸುವುದಿಲ್ಲ. ನಾನು ಕಳಿಸುವುದಿಲ್ಲ ಅಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಮಜಾ ಏನು ಗೊತ್ತಾ? ಹೊಸ ಆಫೀಸಿಗೆ ಹೋದಾಗಲೆಲ್ಲ, ಹತ್ತಕ್ಕಿಂತ ಹೆಚ್ಚು ಗಾಡಿ ನನ್ನ ಹತ್ತಿರ ಇಲ್ಲ ಅಂತ ಪ್ಯಾನ್ ನಂಬರ್ ಜೊತೆ ಬರೆದುಕೊಡಬೇಕು. ಇಲ್ಲದಿದ್ದರೆ ಟಿಡಿಎಸ್ ಅಂತ ಆದಾಯ ತೆರಿಗೆ ಮೊದಲೇ ಮುರಿಯುತ್ತಾರೆ. ಗಂಭೀರವಾಗಿ ಬರೆದುಕೊಡುತ್ತೇನೆ. ಅವ್ವನ ಸರ ಅಡವಿಟ್ಟು ತಂದ ಒಂದೇ ಗಾಡಿ ಕಿಟಕಿಯಿಂದ ಕಾಣುತ್ತಿರುತ್ತದೆ.

ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡ ಊರು ನಮ್ಮದು. ಒಂದು ದುಡ್ಡು ಆಚೆ ಈಚೆ ಆಗದ ಲೆಕ್ಕವಂತೆ ಅವನದು. ನನ್ನ ವಹಿಯಲ್ಲಿ ಬರಬೇಕಾದ್ದು ಈಗ 31,400. ಏಳು ಆಫೀಸು, ಮೂರು ರಾಜ್ಯ.

ಅದರಲ್ಲಿ ಹಳೇದು ಯಾವುದು ಗೊತ್ತಾ? ತೆಲಂಗಾಣದ್ದಲ್ಲ. ಅವರು ತಡ ಮಾಡಿದರೂ ಕೊಡುತ್ತಾರೆ. ಲಾತೂರಿನವರು ಬೈದು ಕೊಡುತ್ತಾರೆ. ಹಳೇದು ನಿನ್ನ ಬೆಂಗಳೂರಿನದು. ಸಂಕ್ರಾಂತಿ ಹಿಂದಿನ ವಾರ ತೊಗರಿ ಬೇಳೆ ತಂದು ಇಳಿಸಿದ್ದೆ. ಪೋಚ್ ಮೇಲೆ ‘ಸರಕು ಸರಿಯಾಗಿ ತಲುಪಿದೆ’ ಅಂತ ಸ್ವಚ್ಛ ಕನ್ನಡದಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಾರೆ. ಯಶವಂತಪುರದ ಹತ್ತಿರದ ಆಫೀಸು. ಅಸಲಿ ಪ್ರತಿ ಅವರ ಕೈಯಲ್ಲೇ ಕೊಟ್ಟು ಬಂದಿದ್ದೇನೆ. 9,000 ಬಾಕಿ. ಫೋನ್ ಮಾಡಿದಾಗಲೆಲ್ಲ ನಾನು ಕನ್ನಡದಲ್ಲಿ ಕೇಳುತ್ತೇನೆ. ನನ್ನ ಮಾತಿನ ಧಾಟಿ ಕೇಳಿ ಆ ಹುಡುಗ ಹಿಂದಿಗೆ ತಿರುಗುತ್ತಾನೆ: ‘ಭಾಯ್, ಅಗಲೇ ಹಫ್ತೇ ದೇಖತೇ ಹೈ.’ ನಾನು ಮತ್ತೆ ಕನ್ನಡದಲ್ಲಿ ಕೇಳುತ್ತೇನೆ, ಅವನು ಮತ್ತೆ ಹಿಂದಿಯಲ್ಲಿ ಮುಂದಿನ ವಾರ ಅನ್ನುತ್ತಾನೆ. 9,000ಕ್ಕೆ 650 ಕಿಲೋಮೀಟರ್ ಖಾಲಿ ಗಾಡಿ ಓಡಿಸಲು ಆಗುತ್ತಾ?

ನಿನಗೆ ಅಲ್ಲಿಗೆ ಮೆಟ್ರೋ ಇದೆ. ಬಿಲ್ಟಿ ನಂಬರ್ ಈ ಮೆಸೇಜಿನ ಕೆಳಗೆ ಹಾಕುತ್ತೇನೆ. ಶನಿವಾರ ಹನ್ನೊಂದರ ಮೇಲೆ ಹೋಗು, ಅದಕ್ಕೂ ಮೊದಲು ಬಾಗಿಲು ತೆಗೆಯುವುದಿಲ್ಲ. ನಿನ್ನ ಕನ್ನಡದಲ್ಲೇ ಕೇಳು. ಕೊಟ್ಟರೆ ನಿನ್ನ ಮೆಟ್ರೋ ಖರ್ಚು ಹಿಡಿದುಕೊಂಡು ಉಳಿದದ್ದು ಹಾಕು.

ಲೋಡ್ ಬಂತು ಅಂತ ಕೂಗುತ್ತಿದ್ದಾರೆ. ನಿಲಂಗಾಕ್ಕೆ ಸಿಮೆಂಟು. ಅಜ್ಜಿ ಊರು, ಇರಲಿ ಹೋಗಿ ಬರುತ್ತೇನೆ.