‘ಇರಬಹುದು’ ಅಂದರೆ ಏನರ್ಥ?

“ಅಕ್ಕನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಪ್ಯಾಕೆಟ್ ಓದಿಯೇ ತಿನ್ನಲು ಕೊಡುತ್ತೇವೆ. ಆದರೆ ಈಗ ಯಾವುದನ್ನು ತಿರುಗಿಸಿ ನೋಡಿದರೂ ‘ಕಡಲೆಕಾಯಿ ಇರಬಹುದು’ ಅಂತಲೇ ಇದೆ. ಅಂಥದ್ದನ್ನು ಎಷ್ಟೋ ಸಲ ತಿಂದಿದ್ದಾಳೆ, ಏನೂ ಆಗಿಲ್ಲ. ಆ ಸಾಲನ್ನು ಸುಮ್ನೆ ಬಿಟ್ಟುಬಿಡಬಹುದೇ?” ಹೆಸರು ಹಾಕಬೇಡಿ ಎಂದಿರುವ ಓದುಗರೊಬ್ಬರ ಪ್ರಶ್ನೆ ಇದು.

ಬಿಡಬೇಡಿ. ಒಂದೇ ಮೆಷಿನ್ನಿನಲ್ಲಿ ಮೊದಲು ಕಡಲೆಕಾಯಿ ಹಾಕಿದ್ದು, ಆಮೇಲೆ ಹಾಕದ್ದು ತಯಾರಾದರೆ, ಮೂಲೆಯಲ್ಲಿ ಉಳಿದ ಪುಡಿ ಒಂದು ಪ್ಯಾಕೆಟ್ಟಿಗೆ ಸೇರುತ್ತದೆ, ಇನ್ನೊಂದಕ್ಕೆ ಸೇರುವುದಿಲ್ಲ. ಹತ್ತು ಸಲ ಏನೂ ಆಗಲಿಲ್ಲ ಅನ್ನುವುದು ಹನ್ನೊಂದನೆಯದಕ್ಕೆ ಭರವಸೆ ಅಲ್ಲ. ಇಷ್ಟು ಜಾಗ್ರತೆಯಿಂದ ಓದುವ ನೀವು ಈ ಒಂದು ಸಾಲಿಗೆ ಬೇಸತ್ತು ಕೈಬಿಡಬೇಡಿ.

ಆದರೆ ಆ ಸಾಲಿನ ಬೆಲೆ ಕಳೆದವರು ನೀವಲ್ಲ. ಬಹಳಷ್ಟು ದೇಶಗಳಲ್ಲಿ ‘ಇರಬಹುದು’ ಎಂದು ಬರೆಯುವುದು, ಬಿಡುವುದು ತಯಾರಕರ ಇಷ್ಟ. ಪರೀಕ್ಷಿಸಿ ನೋಡಿದಾಗ ಹಾಗೆ ಬರೆದ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಏನೂ ಸಿಕ್ಕಿಲ್ಲ. ಬರೆಯದ ಕೆಲವದರಲ್ಲಿ ಸಿಕ್ಕಿದೆ. ಕಂಪನಿಗಳಿಗೂ ಕಷ್ಟ ಇದೆ, ಒಪ್ಪುತ್ತೇನೆ. ಚಾಕೊಲೇಟ್ ಹರಿಯುವ ಮೆಷಿನ್ನಿಗೆ ನೀರು ಸುರಿದು ತೊಳೆಯುವುದು ಸುಲಭವಲ್ಲ. ಹಾಗಂತ ಎಲ್ಲದರ ಮೇಲೂ ಒಂದೇ ಸಾಲು ಒತ್ತಿದರೆ ನಿಜವಾದ ಅಪಾಯ ಯಾವುದರಲ್ಲಿ ಅಂತ ಗೊತ್ತಾಗುವುದು ಹೇಗೆ?

ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಕಡ್ಡಾಯವಾಗಿ ನಮೂದಿಸಬೇಕಾಯಿತು. ಎಳ್ಳಿನ ಅಲರ್ಜಿ ಇದ್ದವರು ಬಹಳ ವರ್ಷ ಹೋರಾಡಿ ಪಡೆದ ಕಾನೂನು ಅದು. ಕೆಲವು ಬ್ರೆಡ್ ತಯಾರಕರು ಏನು ಮಾಡಿದರು ಗೊತ್ತೇ? ಮೆಷಿನ್ನು ಶುಚಿಯಾಗಿಡುವ ಬದಲು ಬ್ರೆಡ್ಡಿಗೆ ಬೇಕೆಂದೇ ಒಂದಿಷ್ಟು ಎಳ್ಳಿನ ಹಿಟ್ಟು ಸೇರಿಸಿ, ‘ಎಳ್ಳು ಇದೆ’ ಎಂದು ಅಚ್ಚು ಹಾಕಿದರು. ಕಾನೂನು ಪಾಲಿಸಿದಂತಾಯಿತು. ಅದೇ ಬ್ರೆಡ್ ತಿನ್ನುತ್ತಿದ್ದ ಮಕ್ಕಳ ತಟ್ಟೆ ಖಾಲಿಯಾಯಿತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ನಮ್ಮಲ್ಲಿ ಕರಡು ತಿದ್ದುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ಹಾಲು ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಅದೇ ಭೂತಗನ್ನಡಿ ಹಿಡಿದು ಪ್ಯಾಕೆಟ್ ಓದುತ್ತಿದ್ದರು. ಕೇಸೀನ್ ಅಂದರೂ ಹಾಲು, ವೇ ಅಂದರೂ ಹಾಲು ಎಂದು ನನಗೆ ಕಲಿಸಿದವರು ಅವರೇ. “ಹಾಲು ಅಂತ ಎರಡಕ್ಷರ ಬರೆಯಲು ಇವರಿಗೇನು ಕಷ್ಟ?” ಅನ್ನುತ್ತಿದ್ದರು. ದಿನವಿಡೀ ಅಕ್ಷರ ನೋಡುವವರಿಗೇ ಭೂತಗನ್ನಡಿ ಬೇಕಾದರೆ ಉಳಿದವರ ಗತಿ?

ಯುರೋಪಿನ ನಿಯಮ ಅಕ್ಷರದ ಎತ್ತರವನ್ನೂ ಹೇಳುತ್ತದೆ. ಇಂಗ್ಲಿಷಿನ ಸಣ್ಣ ‘ಎಕ್ಸ್’ ಕನಿಷ್ಠ 1.2 ಮಿಲಿಮೀಟರ್ ಇರಬೇಕು. ತೀರಾ ಪುಟ್ಟ ಪ್ಯಾಕೆಟ್ ಆದರೆ 0.9. ಅಲರ್ಜಿ ತರುವ 14 ಪದಾರ್ಥಗಳ ಹೆಸರು ಪಟ್ಟಿಯಲ್ಲಿ ಎದ್ದು ಕಾಣಬೇಕು. ಅಷ್ಟೆಲ್ಲ ಇದ್ದೂ 2016ರಲ್ಲಿ ಬ್ರಿಟನ್ನಿನ ನತಾಶಾ ಎಂಬ 15 ವರ್ಷದ ಹುಡುಗಿ ಸತ್ತಳು. ವಿಮಾನ ಹತ್ತುವ ಮುಂಚೆ ಕೊಂಡ ಬ್ರೆಡ್ಡಿನ ಹಿಟ್ಟಿನಲ್ಲೇ ಎಳ್ಳಿತ್ತು. ಪೊಟ್ಟಣದ ಮೇಲೆ ಇರಲಿಲ್ಲ. ಅಂಗಡಿಯಲ್ಲೇ ಕಟ್ಟಿದ್ದಕ್ಕೆ ಪೂರ್ತಿ ಪಟ್ಟಿ ಬೇಡ ಎಂಬ ವಿನಾಯಿತಿ ಆಗ ಇತ್ತು. ಆಕೆಯ ಹೆಸರಿನಲ್ಲೇ ಜನ ಕರೆಯುವ ಕಾನೂನು ಜಾರಿಯಾಗಿದ್ದು 2021ರ ಅಕ್ಟೋಬರಿನಲ್ಲಿ. ಐದು ವರ್ಷ ಬೇಕಾಯಿತು, ಒಂದು ಪಟ್ಟಿ ಅಂಟಿಸಲು!

ಇದು ಬರೀ ತಿಂಡಿಯ ಮಾತಲ್ಲ. ಔಷಧಿಯ ಚೀಟಿ, ವಿಮೆಯ ಕಾಗದ, ಸಾಲದ ಕರಾರು, ಎಲ್ಲೆಲ್ಲಿ ಜೀವ ಅಥವಾ ದುಡ್ಡು ಹೋಗುವ ಮಾತಿದೆಯೋ ಅಲ್ಲೇ ಅಕ್ಷರ ಸಣ್ಣದಾಗುತ್ತದೆ. ಓದದಿದ್ದರೆ ತಪ್ಪು ನಮ್ಮದು. ಓದಲಾಗದಂತೆ ಅಚ್ಚು ಹಾಕಿದವರದು ಮಾತ್ರ ತಪ್ಪಲ್ಲ! ಅಕ್ಷರ ನಂಬಿ ಬದುಕಿದ ನನಗೆ ಇದು ಅವಮಾನ ಅನ್ನಿಸುತ್ತದೆ.

ಮಗುವಿನ ವಿಷಯಕ್ಕೆ ಬರುತ್ತೇನೆ. ಸದಾ ಕೊಳ್ಳುವ ತಿಂಡಿಯಾದರೂ ಪ್ರತಿ ಸಲ ಓದಿ, ತಯಾರಿಕೆ ಬದಲಾಗುತ್ತಿರುತ್ತದೆ. ವೈದ್ಯರು ಅಡ್ರಿನಾಲಿನ್ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದು ಬೀರುವಿನಲ್ಲಿ ಅಲ್ಲ, ಮಗುವಿನ ಜೊತೆಗೇ ಇರಲಿ. ಗಂಟಲು ಊದಿದರೆ, ಉಸಿರು ಕಟ್ಟಿದರೆ, ಅಲರ್ಜಿ ಮಾತ್ರೆ ನುಂಗಿಸಿ ಕಾಯಬೇಡಿ. ತೊಡೆಗೆ ಚುಚ್ಚಿ, ಆಸ್ಪತ್ರೆಗೆ ಹೊರಡಿ. ಎದ್ದು ಓಡಾಡಿಸಬೇಡಿ.

ಇನ್ನೊಂದು ಕೆಲಸ ಮಾಡಿ. ‘ಇರಬಹುದು’ ಎಂದು ಬರೆದ ಕಂಪನಿಗೆ ಒಂದು ಪತ್ರ ಹಾಕಿ. ಕಡಲೆಕಾಯಿ ಅದೇ ಮೆಷಿನ್ನಿನಲ್ಲಿ ಹೋಗುತ್ತದೆಯೇ, ನಡುವೆ ಹೇಗೆ ತೊಳೆಯುತ್ತೀರಿ ಎಂದು ಕೇಳಿ. ಉತ್ತರ ಬಂದರೆ ನಮಗೆ ಕಳಿಸಿ, ಇದೇ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ. ಬರದಿದ್ದರೆ ಅದನ್ನೂ ಹಾಕುತ್ತೇವೆ.